ಹಸಿರೊಡೆದ ಗೋಧಿ

ಉಜ್ಬೆಕ್ ನಾಡಿನ ಕೋಕಂದ್ ಪೇಟೆಯ ಕಮ್ಮಾರರ ಓಣಿಯಲ್ಲಿ ವಸಂತದ ಹೊಸವರ್ಷ ನವ್ರೂಜ್ ಹಬ್ಬ ಹತ್ತಿರ ಬಂತೆಂದರೆ ಹೆಂಗಸರೆಲ್ಲ ಹುರ್ಮತೋಯ್ ಮನೆಯ ಹಾದಿ ಹಿಡಿಯುತ್ತಿದ್ದರು. ಮನೆಗೊಂದು ಬೋಗುಣಿ ಗೋಧಿ. ಮೊಳಕೆ ಅರೆದು, ಅದರ ಹಾಲನ್ನು ಕುದಿಸಿ ಕುದಿಸಿ ಗಟ್ಟಿ ಮಾಡಿದ ಸುಮಲಕ್ ಇಡೀ ಓಣಿಗೆ ಒಂದೇ ಹಂಡೆ. ಹಂಡೆ ಕದಡಲು ಹತ್ತಾರು ಕೈಗಳಿದ್ದವು. ಮೊಳಕೆ ಬರಿಸುವ ಕೈ ಮಾತ್ರ ಮೂವತ್ತೆಂಟು ವರ್ಷಗಳಿಂದ ಅವಳೊಬ್ಬಳದೇ.

ಹಿಂದಿನ ಕೋಣೆಯಲ್ಲಿ ನೆನೆದ ಗೋಧಿಯನ್ನು ಮರದ ಹಲಗೆಗಳ ಮೇಲೆ ಹರವಿ, ಬಿಳಿ ಬಟ್ಟೆ ಹೊದಿಸಿ, ಬೆರಳಲ್ಲಿ ನೀರು ಚಿಮುಕಿಸುವಾಗ ಅವಳ ಮುಖ ನೋಡಬೇಕಿತ್ತು. ಮೂರನೆಯ ದಿನ ಕಾಳಿನ ತುದಿಯಲ್ಲೊಂದು ಬಿಳಿ ಚುಕ್ಕಿ. ಐದನೆಯ ದಿನಕ್ಕೆ ಬೇರು ಬೇರು ಹೆಣೆದುಕೊಂಡು ಕಂಬಳಿ. ಹೊರಗೆ ಇನ್ನೂ ಕೆಸರು, ಬೋಳು ಹಿಪ್ಪುನೇರಳೆ ಮರ. ವಸಂತ ಮೊದಲು ಕಾಲಿಡುತ್ತಿದ್ದುದು ಆ ಕತ್ತಲೆ ಕೋಣೆಗೇ. ಬಿಸಿಲು ಮಾತ್ರ ತಾಗಕೂಡದು. ತಾಗಿದರೆ ಮೊಳಕೆ ಹಸಿರು, ಹಸಿರಾದರೆ ಕಹಿ, ಕಹಿಯಾದರೆ ಓಣಿಗೆ ವರ್ಷವಿಡೀ ಕೇಡು.

ಈ ವರ್ಷ ಅವಳ ಕಣ್ಣಿಗೆ ಮಂಜು ಕವಿದಿತ್ತು. ಯಾರಿಗೂ ಹೇಳಿರಲಿಲ್ಲ. ಚಹಾ ಬಟ್ಟಲನ್ನು ತಡಕಿ ಹಿಡಿಯುತ್ತಿದ್ದಳು, ಜನರನ್ನು ದನಿಯಿಂದ ಗುರುತಿಸುತ್ತಿದ್ದಳು. ಬೇರು ಬೆರಳಿಗೆ ಸಿಕ್ಕಿತು. ಆದರೆ ಆ ಬಿಳುಪು? ಸೊಸೆ ಮೊಹ್ಲಾರ ಹೊಲಿಗೆ ಕೆಲಸಕ್ಕೆ ಹೋದ ಮೇಲೆ ತಡೆಯಲಾರದೆ ಕಿಟಕಿಯ ದಪ್ಪ ಪರದೆ ಸರಿಸಿ, ಹಲಗೆಯ ಮೇಲಿನ ಬಟ್ಟೆ ತೆಗೆದಳು. ಏನೋ ಮಬ್ಬು ಬೆಳಕು ಕಂಡಿತು. ಅದನ್ನೇ ಬಿಳುಪೆಂದುಕೊಂಡು ಹಿಗ್ಗಿದಳು. ಮರುದಿನವೂ ಸರಿಸಿದಳು. ಅದರ ಮರುದಿನ ಮಧ್ಯಾಹ್ನವಿಡೀ.

ಆರನೆಯ ದಿನ ಮೊಳಕೆ ಒಯ್ಯಲು ಹೆಂಗಸರು ಬಂದರು. ಪಕ್ಕದ ಮನೆಯ ಸೊಬಿರಾ ಬಟ್ಟೆ ಎತ್ತಿದಳು.

“ಅಯ್ಯೋ, ಇದೇನು ಆಪಾ! ಕುರಿ ಮೇಯಿಸೋ ಹಾಗಾಗಿದೆಯಲ್ಲ!”

ಎಳೆಯೊಂದನ್ನು ಕಚ್ಚಿ ಥೂ ಎಂದು ಉಗಿದಳು. ಆಮೇಲೆ ದನಿ ತಗ್ಗಿಸಿದಳು, ಎಲ್ಲರಿಗೂ ಕೇಳುವಷ್ಟು. “ನಮ್ಮ ಆಪಾ ಕೈ ತಪ್ಪೋದುಂಟಾ? ಸೊಸೆಗೆ ಮದುವೆಯಾಗಿ ಏಳು ವರ್ಷ, ಇನ್ನೂ ತೊಟ್ಟಿಲು ತೂಗಿಲ್ಲ. ಅಂಥೋಳು ನೀರು ಹೊತ್ತು ತಂದ್ರೆ ಗೋಧಿ ಇನ್ನೇನಾಗತ್ತೆ?”

ಬಾಗಿಲಲ್ಲಿ ಮೊಹ್ಲಾರ ಚಹಾ ತಂದು ನಿಂತಿದ್ದಳು. ತಟ್ಟೆಯ ಮೇಲೆ ಬಟ್ಟಲುಗಳು ಗಲಗಲ ಎನ್ನುವುದು ಹುರ್ಮತೋಯ್ ಕಿವಿಗೆ ಬಿತ್ತು.

ಸುಮ್ಮನಿದ್ದರೆ ಸಾಕಿತ್ತು. ಬರುವ ವರ್ಷವೂ ಬೋಗುಣಿಗಳು ಅವಳ ಬಾಗಿಲಿಗೇ ಬರುತ್ತಿದ್ದವು.

“ಪರದೆ ತೆಗೆದೋಳು ನಾನು ಕಣ್ರೇ.”

“ಸೊಸೆ ಮಾನ ಉಳಿಸೋಕೆ ಹೇಳ್ತಿದೀಯ. ಬಿಡು ಆಪಾ.”

“ನನಗೆ ಕಣ್ಣು ಕಾಣಲ್ಲ.”

ಸೊಬಿರಾ ನಕ್ಕುಬಿಟ್ಟಳು. “ಓಹೋ! ಹಾಗಾದ್ರೆ ನನ್ನ ತಲೆವಸ್ತ್ರ ಯಾವ ಬಣ್ಣ, ಹೇಳು ನೋಡೋಣ.”

“ನೀನು ವಸ್ತ್ರ ಕಟ್ಟಿದೀಯೋ ಇಲ್ಲವೋ, ಅದೇ ಗೊತ್ತಾಗ್ತಿಲ್ಲ ತಾಯಿ.”

ಸೊಬಿರಾ ಬಗ್ಗಿ ಅವಳ ಮುಖದೆದುರು ಕೈ ಆಡಿಸಿದಳು. ರೆಪ್ಪೆ ಅಲುಗಲಿಲ್ಲ.

ಮೊಹ್ಲಾರಳಿಗೆ ಯಾರೂ ತಪ್ಪಾಯಿತು ಎನ್ನಲಿಲ್ಲ. “ಹಬ್ಬಕ್ಕಿನ್ನೂ ಎಂಟು ದಿನ ಇದೆ. ಬೇರೆ ಗೋಧಿ ನಮ್ಮನೇಲಿ ನೆನೆಹಾಕ್ತೀನಿ,” ಎಂದಳು ಸೊಬಿರಾ, ಎತ್ತಲೋ ನೋಡುತ್ತ. “ಹಲಗೆ ಒಯ್ಯಲಾ ಆಪಾ?”

“ಒಯ್ಯಿ. ಮೂಲೆಯದು ಸ್ವಲ್ಪ ಸೀಳು ಬಿಟ್ಟಿದೆ, ಬೆರಳು ಜೋಪಾನ.”

ಮೊಳಕೆಯನ್ನು ಹಸುವಿನ ಗೋದಲಿಗೆ ಸುರಿದು ಹಲಗೆಗಳನ್ನು ಹೊತ್ತು ನಡೆದರು. ಒಂದು ಹಿಡಿ ನೆಲದ ಮೇಲೆ ಉಳಿದಿತ್ತು. ಹುರ್ಮತೋಯ್ ತಡಕಿ ಎತ್ತಿಕೊಂಡು, ಒಂದೆಳೆ ಬಾಯಿಗಿಟ್ಟು ಅಗಿದಳು. ಕಹಿ. ಉಗುಳಲಿಲ್ಲ.

ಸೊಸೆ ಅಭ್ಯಾಸದಂತೆ ಪರದೆ ಎಳೆಯಲು ಹೋದಳು.

“ಬಿಡೇ ಮಗಳೇ,” ಎಂದಳು ಮುದುಕಿ. “ಇನ್ನು ಅದು ಯಾರಿಗೆ ಬೇಕು? ತೆಗೆದೇ ಇರಲಿ.”