ಸಾಹೇಬ ಉಂಡ ಎಂಜಲು

ಒಂದು ದೇಶವನ್ನು ಆಳಲು ಹೊರಟ ಮನುಷ್ಯ ನಮ್ಮ ತುಕ್ರನ ಎಂಜಲು ಉಂಡು ಬಾಯಿ ಒರೆಸಿಕೊಂಡದ್ದನ್ನು ಈ ಎರಡು ಕಣ್ಣುಗಳಿಂದ ನೋಡಿದವ ನಾನು. ಆ ದೇಶದ ಹೆಸರು ಕೇಳಬೇಡಿ. ನಾನಿನ್ನೂ ಅಬುಧಾಬಿಯಲ್ಲೇ ಡ್ರೈವರ್, ನನಗೂ ಹೊಟ್ಟೆಪಾಡಿದೆ. ಪರದೇಶದ ಸೈನ್ಯವೊಂದು ನುಗ್ಗಿ, ಎದ್ದು ಹೋಗಲು ಮನಸ್ಸಾಗದೆ ಅಲ್ಲೇ ಕೂತಿದ್ದ ದೇಶ ಎಂದರೆ ಸಾಕು. ಎರಡು ಸಾವಿರದ ಹನ್ನೆರಡರ ಹೊತ್ತಿಗೆ ಅಂಥ ದೇಶಗಳಿಗೆ ಬರಗಾಲವೇನೂ ಇರಲಿಲ್ಲ.

ನಾನು ಮಾರ್ಸೆಲ್, ಬಂಟ್ವಾಳದ ಕಡೆಯವ. ತುಕ್ರ ಪಡುಬಿದ್ರಿಯ ಹತ್ತಿರದವ. ಒಂದೇ ವಿಲ್ಲಾದಲ್ಲಿ ನಾನು ಸ್ಟೇರಿಂಗ್ ಹಿಡಿದಿದ್ದೆ, ಅವನು ಸೌಟು ಹಿಡಿದಿದ್ದ. ನಮ್ಮ ಮಾತೆಲ್ಲ ತುಳುವಿನಲ್ಲಿ. ಅವನು ನನ್ನನ್ನು ‘ಪೊರ್ಬುಲೇ’ ಎನ್ನುತ್ತಿದ್ದ. ನಮ್ಮೂರಲ್ಲಿ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ.

ಅವನ ಕೈಯಡುಗೆ ಅಮೃತ ಎಂದು ಬರೆದರೆ ನನ್ನ ನಾಲಗೆಯೇ ನನ್ನನ್ನು ಬೈಯುತ್ತದೆ. ಹಮ್ದಾನ್ ಸ್ಟ್ರೀಟಿನ ಒಂದು ಕೆಫೆಟೇರಿಯಾದಲ್ಲಿ ಪರೋಟ ತಟ್ಟುತ್ತಿದ್ದವ ಹೇಗೋ ಈ ವಿಲ್ಲಾಕ್ಕೆ ಬಂದು ಸೇರಿದ್ದ. ಕೋಳಿ ಸುಕ್ಕ ಚೆನ್ನಾಗಿ ಮಾಡುತ್ತಿದ್ದ, ಆದರೆ ವಾರಕ್ಕೊಮ್ಮೆಯಾದರೂ ಉಪ್ಪು ಕೈಕೊಡುತ್ತಿತ್ತು. ಕಾರಣ ಇಷ್ಟೇ, ತುಕ್ರ ಅಡುಗೆ ಮಾಡುವಾಗ ರುಚಿ ನೋಡುತ್ತಿರಲಿಲ್ಲ. ಸೌಟಿನ ತುದಿಯ ಒಂದು ಹನಿಯನ್ನೂ ನಾಲಗೆಗೆ ತಾಗಿಸುತ್ತಿರಲಿಲ್ಲ.

ಅದಕ್ಕೊಂದು ಕತೆಯಿದೆ. ಅವರ ಮನೆಯಲ್ಲಿ ವರ್ಷಕ್ಕೊಮ್ಮೆ ದೈವಕ್ಕೆ ಅಗೆಲು ಬಡಿಸುತ್ತಾರೆ. ಕೋಳಿ, ಅನ್ನ ಬೇಯಿಸಿ ಬಾಳೆ ಎಲೆಯಲ್ಲಿ ಇಡುವುದು. ಅದನ್ನು ಬೇಯಿಸುವ ಹಕ್ಕು ಸೋದರಮಾವನಿಂದ ಸೋದರಳಿಯನಿಗೆ ಬರುತ್ತದೆ. ದೈವಕ್ಕೆ ಇಡುವುದರ ರುಚಿ ನೋಡಿದರೆ ಎಂಜಲು. ಇದು ಎಲ್ಲರಿಗೂ ಗೊತ್ತು. ಆದರೆ ತುಕ್ರನ ಮಾವ ಒಂದು ಹೆಜ್ಜೆ ಮುಂದೆ ಹೋಗಿ, ಅಗೆಲು ಬಡಿಸುವ ಕೈ ಯಾವ ಅಡುಗೆಮನೆಯಲ್ಲೂ ಎಂಜಲು ಬಡಿಸಬಾರದು ಎಂದು ನಿಯಮ ಹಾಕಿದ್ದರು. ಬೇರೆಯವರ ಮನೆಯಲ್ಲಿ ಹೀಗಿದೆಯೋ ಇಲ್ಲವೋ ನಾನರಿಯೆ. ಈಗ ಮಾವನ ಕೈ ನಡುಗುತ್ತಿತ್ತು. ಬರುವ ಬೇಸಗೆಯ ರಜೆಯಲ್ಲಿ ತುಕ್ರನೇ ಮೊದಲ ಸಲ ಅಗೆಲು ಬೇಯಿಸಬೇಕು ಎಂದು ನಿಶ್ಚಯವಾಗಿತ್ತು. ಮನುಷ್ಯನಿಗೆ ಬೇರೆ ದೊಡ್ಡ ಆಸೆ ಇರಲಿಲ್ಲ. ಹೆಂಡತಿ ಹರಿಣಾಕ್ಷಿ ದುಬೈಯ ಅಲ್ ಮುರಕ್ಕಬಾತಿನಲ್ಲಿ ಅಬಾಯ ಹೊಲಿಯುವ ಅಂಗಡಿಯಲ್ಲಿದ್ದಳು. ಮಗಳು ಅಶ್ಮಿತಾ ಒಂಬತ್ತನೇ ಕ್ಲಾಸು. ಇಬ್ಬರೂ ಅವನ ವೀಸಾದ ಮೇಲೆಯೇ ಇಂಟರ್‌ನ್ಯಾಷನಲ್ ಸಿಟಿಯ ಒಂದು ಕೋಣೆಯಲ್ಲಿದ್ದರು. ರಜೆ ಸಿಕ್ಕಿದ ದಿನ ಶೇರಿಂಗ್ ಕಾರಿನಲ್ಲಿ ಅಲ್ಲಿಗೆ ಓಡುತ್ತಿದ್ದ.

ಇನ್ನು ನಮ್ಮ ಯಜಮಾನ. ಅವನನ್ನು ಎಲ್ಲರೂ ‘ಸಾಹೇಬ್’ ಎಂದು ಕರೆಯಬೇಕಿತ್ತು. ನಮ್ಮ ಕೊಂಕಣಿಯಲ್ಲಿ ದೇವರಿಗೇ ‘ಸಾಯ್ಬ’ ಎನ್ನುತ್ತೇವೆ. ಈ ಮನುಷ್ಯನನ್ನು ಹಾಗೆ ಕರೆಯುವಾಗಲೆಲ್ಲ ಒಳಗೊಳಗೇ ‘ಸಾಯ್ಬಾ ಭೊಗೊಸ್’ ಎಂದು ಮೇಲಿನವನ ಕ್ಷಮೆ ಕೇಳುತ್ತಿದ್ದೆ. ಪರದೇಶದ ಸೈನ್ಯ ತನಗೆ ಬೇಕಾದವನನ್ನು ಹುಡುಕುತ್ತ ಹೋದಾಗ ಸಿಕ್ಕಿದ ಮಾಲು ಇದು. ಮುಂದಿನ ಅಧ್ಯಕ್ಷ ಇವನೇ ಎಂದು ಅವರು ಮೊದಲೇ ತೀರ್ಮಾನಿಸಿಯಾಗಿತ್ತು, ಚುನಾವಣೆ ಆಮೇಲೆ. ತನ್ನ ದೇಶದಲ್ಲಿ ನೆಟ್ಟಗೆ ಒಂದು ರಾತ್ರಿ ಮಲಗಲು ಇವನಿಗೆ ಗುಂಡಿಗೆ ಇರಲಿಲ್ಲ. ತಿಂಗಳಿಗೊಮ್ಮೆ ವಿಮಾನದಲ್ಲಿ ಹೋಗಿ, ಕಾಂಕ್ರೀಟ್ ಗೋಡೆಗಳ ನಡುವೆ ನಿಂತು, ‘ನನ್ನ ಜನರೇ’ ಎಂದು ಕೂಗಿ, ಅಬುಧಾಬಿಗೆ ಮರಳಿ ಸ್ವಿಮಿಂಗ್ ಪೂಲಿಗೆ ಇಳಿಯುತ್ತಿದ್ದ. ಥೂ.

ಇವನನ್ನು ಕಾಯಲು ಒಂದು ಕಂಪನಿ. ಸರ್ಕಾರದ ಸೈನ್ಯವಲ್ಲ, ಬಾಡಿಗೆ ಸೈನ್ಯ. ಲಾರಿ ಬಾಡಿಗೆಗೆ ಕೊಡುವ ಹಾಗೆ ಬಂದೂಕಿನವರನ್ನು ಬಾಡಿಗೆಗೆ ಕೊಡುವ ವ್ಯಾಪಾರ. ಅದರ ಮುಖ್ಯಸ್ಥ ಕರ್ನಲ್. ಯಾವ ಸೈನ್ಯದ ಕರ್ನಲ್, ಯಾವ ಯುದ್ಧ ಗೆದ್ದವ ಎಂದು ಯಾರೂ ಕೇಳಿದ್ದಿಲ್ಲ. ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣ; ನಮ್ಮ ಕ್ವಾರ್ಟರ್ಸಿನ ಎಸಿ ಕೆಟ್ಟರೆ ರಿಪೇರಿಗೆ ಅವನ ಕಾಲು ಹಿಡಿಯಬೇಕು. ಇಲ್ಲಿ ಅವನ ಹುಡುಗರಿಗೆ ಬಂದೂಕು ಹಿಡಿಯಲು ಪರವಾನಗಿ ಇರಲಿಲ್ಲ. ಆದ್ದರಿಂದ ಖಾಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ವಿಲ್ಲಾದ ತುಂಬ ಮೆರೆಯುತ್ತಿದ್ದರು. ಅಲ್ಲಿ, ಆ ದೇಶದಲ್ಲಿ, ಅವರ ಸೊಂಟ ಖಾಲಿ ಇರುತ್ತಿರಲಿಲ್ಲ. ಒಮ್ಮೆ ಸಾಹೇಬನ ಕಾರಿಗೆ ದಾರಿ ಬಿಡಲು ತಡವಾಯಿತೆಂದು ಒಂದು ಟ್ಯಾಕ್ಸಿಗೆ ಗುಂಡು ಹೊಡೆದರು. ಒಳಗಿದ್ದವರು ಅಕ್ಕಿ ತೆಗೆದುಕೊಂಡು ಮನೆಗೆ ಹೊರಟಿದ್ದ ಗಂಡ, ಹೆಂಡತಿ. ಸಾಹೇಬ ಟಿವಿಯಲ್ಲಿ ಅವರನ್ನು ಶತ್ರುಗಳೆಂದು ಹೇಳಿ ಕಂಪನಿಗೆ ಥ್ಯಾಂಕ್ಸ್ ಕೊಟ್ಟ. ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಇಬ್ಬರೂ ಇದನ್ನು ನಗುತ್ತ ಮಾತನಾಡಿಕೊಂಡದ್ದನ್ನು ನಾನೇ ಕೇಳಿದ್ದೇನೆ. ಡ್ರೈವರನಿಗೆ ಕಿವಿ ಇರುವುದಿಲ್ಲ ಎಂದು ದೊಡ್ಡವರ ನಂಬಿಕೆ.

ಆ ವರ್ಷದ ಕೊನೆಗೆ ಕಂಪನಿಯ ಕಾಂಟ್ರಾಕ್ಟ್ ಮುಗಿಯುವುದರಲ್ಲಿತ್ತು. ಅಬುಧಾಬಿಯಲ್ಲಿ ಸಾಹೇಬನನ್ನು ಕೊಲ್ಲಲು ಒಂದು ಸೊಳ್ಳೆಯೂ ಬರುತ್ತಿರಲಿಲ್ಲ. ಹೆದರಿಕೆ ಇಲ್ಲದಿದ್ದರೆ ಕಾವಲು ಯಾರಿಗೆ ಬೇಕು? ಹಾಗಾಗಿ ಒಂದು ಶುಕ್ರವಾರ ಕರ್ನಲ್ ಹೊಸ ಕಾನೂನು ತಂದ. ಸಾಹೇಬ ಉಣ್ಣುವ ಮೊದಲು ಅಡುಗೆಯವ ಎಲ್ಲರ ಎದುರು ಒಂದು ಚಮಚ ತಿಂದು ತೋರಿಸಬೇಕು.

ಮಧ್ಯಾಹ್ನದ ಊಟಕ್ಕೆ ಪರದೇಶದ ರಾಯಭಾರ ಕಚೇರಿಯ ಇಬ್ಬರು ಕೂತಿದ್ದರು. ತುಕ್ರ ಸುಕ್ಕದ ಪಾತ್ರೆ ತಂದಿಟ್ಟ. ಕರ್ನಲ್ ಚಮಚ ಚಾಚಿದ. ತುಕ್ರ ಎರಡು ಹೆಜ್ಜೆ ಹಿಂದೆ ಸರಿದ. ಕರ್ನಲ್ ಮತ್ತೆ ಚಾಚಿದ, ತುಕ್ರ ಕೈ ಕಟ್ಟಿಕೊಂಡ. ನಾನು ಬಾಗಿಲ ಬಳಿ ನಿಂತಿದ್ದೆ.

ಸಾಹೇಬನಿಗೆ ಸಿನಿಮಾ ನೋಡಿ ಕಲಿತ ಹಿಂದಿ ಬರುತ್ತಿತ್ತು. “ಕ್ಯೋಂ? ಏಕೆ ತಿನ್ನುವುದಿಲ್ಲ?” ಎಂದು ಕೇಳಿದ. ಈಗ ನೋಡಿ ನಮ್ಮವನ ಅವಸ್ಥೆ. ಹಿಂದಿಯಲ್ಲಿ ಎಂಜಲಿಗೆ ‘ಜೂಠಾ’, ಸುಳ್ಳಿಗೆ ‘ಝೂಠಾ’. ದೊಡ್ಡವರ ಮುಂದೆ ಸಿಕ್ಕಿದಲ್ಲೆಲ್ಲ ಮಹಾಪ್ರಾಣ ಒತ್ತಬೇಕು ಎಂಬುದು ತುಕ್ರನ ಹಿಂದಿ ವ್ಯಾಕರಣ. ಎದೆಯುಬ್ಬಿಸಿ ಹೇಳಿದ:

“ಮೈ ಖಾಯಾ ತೋ ಸಾಬ್ ಕಾ ಸಬ್ ಝೂಠಾ!”

ನಾನು ತಿಂದರೆ ಸಾಹೇಬರದ್ದೆಲ್ಲ ಎಂಜಲಾಗುತ್ತದೆ ಎಂದು ಅವನ ಅರ್ಥ. ಮೇಜಿಗೆ ಕೇಳಿಸಿದ್ದು, ಸಾಹೇಬರದ್ದೆಲ್ಲ ಸುಳ್ಳು ಎಂದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಸಾಹೇಬನ ಮುಖ ಹಾಗೆ ಆಯಿತು. ಆ ಇಬ್ಬರು ಅತಿಥಿಗಳಲ್ಲಿ ಒಬ್ಬನಿಗೆ ಹಿಂದಿ ತಿಳಿಯುತ್ತಿರಬೇಕು, ಗ್ಲಾಸಿನ ಹಿಂದೆ ನಗು ಅಡಗಿಸಿದ.

“ಏನಂತೆ ಇವನದು?” ಕರ್ನಲ್ ನನ್ನತ್ತ ತಿರುಗಿದ. ಎಂಜಲಿಗೆ ಇಂಗ್ಲಿಷಿನಲ್ಲಿ ಏನು ಹೇಳುವುದು? ಅವರ ಭಾಷೆಯಲ್ಲಿ ಆ ಮಾತೇ ಇಲ್ಲ. ನಾಚಿಕೆ ಇಲ್ಲದ ಜನ, ಒಬ್ಬರು ಕಚ್ಚಿದ್ದನ್ನು ಇನ್ನೊಬ್ಬರು ಕಚ್ಚುತ್ತಾರೆ. ನಾನು ನನಗೆ ತೋಚಿದ್ದನ್ನು ಹೇಳಿದೆ. “ಸರ್, ಹಿ ಈಟ್, ದೆನ್ ದಿಸ್ ಫುಡ್ ನಾಟ್ ಗುಡ್ ಫಾರ್ ಸಾಹೇಬ್.”

“ನಾಟ್ ಗುಡ್!” ಕರ್ನಲ್ ಎದ್ದು ನಿಂತ. ಹಬ್ಬದ ದಿನ ಕೋಳಿ ತಾನಾಗಿಯೇ ಬಾಣಲೆಗೆ ಹಾರಿದರೆ ಆಗುವಷ್ಟು ಸಂತೋಷ ಅವನ ಮುಖದಲ್ಲಿತ್ತು. “ಊಟ ಸರಿಯಿಲ್ಲ ಎಂದು ಇವನೇ ಒಪ್ಪಿಕೊಂಡ! ವಿಷ!”

ಅತಿಥಿಗಳನ್ನು ಕಾರು ಹತ್ತಿಸಿ ಕಳುಹಿಸಿದರು. ಖಾಲಿ ಸೊಂಟದ ಹುಡುಗರು ತುಕ್ರನನ್ನು ಅಡುಗೆಮನೆಗೆ ನೂಕಿದರು, ಫೋನ್ ಕಿತ್ತುಕೊಂಡರು. ಕರ್ನಲ್ ನನಗೆ ಹೇಳಿದ್ದು ಇಷ್ಟು: ಈಗ ತಿಂದು ತೋರಿಸಲಿ, ಇಲ್ಲವೇ ಪೊಲೀಸ್ ಕೇಸು, ಇವನಿಗೆ ಜೈಲು, ಹೆಂಡತಿ ಮಗಳ ವೀಸಾ ಕ್ಯಾನ್ಸಲ್.

“ಒಂದು ಚಮಚ ತಿನ್ನು ಮಾರಾಯ. ಯಾರು ನೋಡ್ತಾರೆ ಇಲ್ಲಿ? ನಮ್ಮಲ್ಲಾದರೆ ಪಾದ್ರಿ ಹತ್ರ ಹೇಳಿ ಮೂರು ಜಪ ಮಾಡಿದ್ರೆ ಮುಗೀತು.”

“ನಿಮ್ಮಲ್ಲಿ ಮುಗಿತದೆ ಪೊರ್ಬುಲೇ. ನಮ್ಮಲ್ಲಿ ಮುಗಿಯುದಿಲ್ಲ. ಬೇಸಗೆಗೆ ಯಾವ ಕೈಯಲ್ಲಿ ಅಗೆಲು ಬೇಯಿಸುದು ನಾನು?”

“ನಿನ್ನ ಅಗೆಲು! ಜೈಲಿನಲ್ಲಿ ಬಡಿಸ್ತೀಯಾ ಅಗೆಲು? ಮಂಡೆ ಸಮ ಉಂಟಾ ನಿಂಗೆ?”

ಬಂಡೆ ಕರಗೀತು, ಇವನು ಕರಗಲಾರ. ಸಿಟ್ಟು ನೆತ್ತಿಗೇರಿ ನನ್ನ ಫೋನಿನಿಂದ ಹರಿಣಾಕ್ಷಿಗೆ ಮಾಡಿ ಸ್ಪೀಕರಿಗೆ ಹಾಕಿದೆ.

“ಎಂತ ಆಯ್ತು ಪೊರ್ಬುಲೇ? ಇವರಿಗೆ ಹುಷಾರಿಲ್ವಾ?”

“ಎಂತ ಆಗ್ಲಿಲ್ಲ ಮಾರಾಯ್ತಿ. ಇವನು ಬೇಯಿಸಿದ್ದನ್ನು ಇವನೇ ಒಂದು ಚಮಚ ತಿನ್ಬೇಕಂತೆ. ತಿಂದ್ರೆ ಖಲಾಸ್. ಇಲ್ಲದಿದ್ರೆ ಪೊಲೀಸ್, ನಿಮಗೆಲ್ಲ ಊರಿಗೆ ಟಿಕೆಟ್.”

ಚಮಚ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು, ಅಗೆಲು ಎಂದರೆ ಏನೆಂದೂ ಗೊತ್ತಿತ್ತು. “ನಾನೆಂತ ಹೇಳುದು ಪೊರ್ಬುಲೇ,” ಎಂದಳು, “ತಿನ್ನಿ ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡಿ.” ಅಷ್ಟರಲ್ಲಿ ಮಗಳು ಫೋನ್ ಕಸಿದುಕೊಂಡಳು.

“ಪಪ್ಪಾ, ಇಟ್ಸ್ ಜಸ್ಟ್ ಒನ್ ಸ್ಪೂನ್. ಪ್ಲೀಸ್. ಐ ಹ್ಯಾವ್ ಎಕ್ಸಾಮ್ಸ್.”

ತುಕ್ರ ಕೈ ತೊಳೆದ. ಪಾತ್ರೆಯ ಮುಚ್ಚಳ ತೆಗೆದು, ಕಣ್ಣು ಮುಚ್ಚಿ ಏನೋ ಹೇಳಿಕೊಂಡು ಒಂದು ಚಮಚ ಬಾಯಿಗಿಟ್ಟ. ಅದು ಅವನ ಗಂಟಲಿಳಿದದ್ದನ್ನು ಕರ್ನಲ್ ಬಗ್ಗಿ ನೋಡಿದ. ನಾನು ಆ ಬಿಳಿ ಮುಖಕ್ಕೆ ಒಂದು ಬಾರಿಸದೆ ಹೇಗೆ ನಿಂತೆನೋ ದೇವರೇ ಬಲ್ಲ. ತುಕ್ರ ಕಣ್ಣು ಬಿಟ್ಟು, “ಉಪ್ಪು ಕಡಿಮೆ ಆಗಿದೆ,” ಎಂದ. ತನ್ನ ಅಡುಗೆಯ ರುಚಿ ಅವನಿಗೆ ಒಲೆಯ ಮುಂದೆ ತಿಳಿದದ್ದು ಅದೇ ಮೊದಲು. ಡಬ್ಬಿಯಿಂದ ಚಿಟಿಕೆ ಉಪ್ಪು ತೆಗೆದು ಹಾಕಿ, ಅದೇ ಚಮಚದಲ್ಲಿ ತಿರುವಿದ. ಇನ್ನು ಚೊಕ್ಕ ಇಡುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ.

ಕರ್ನಲನಿಗೆ ನಿರಾಸೆ. ನಿಧಾನ ವಿಷವಿರಬಹುದು, ಸಂಜೆವರೆಗೆ ಕಾಯೋಣ ಎಂದು ಹೇಳಿ ಫೋನ್ ಮಾಡಲು ಹೋದ. ಅಷ್ಟರಲ್ಲಿ ಸಾಹೇಬ ಬಂದ. ಹಸಿದಿದ್ದ. ವಿಷವಿದೆ ಎಂದು ಅವನಿಗೆ ನಂಬಿಕೆಯೇ ಇರಲಿಲ್ಲ ಎಂದು ನನಗೆ ಗೊತ್ತಾದದ್ದು ಆಗ. ಸೀದಾ ಪಾತ್ರೆಯ ಬಳಿ ಹೋಗಿ, ತುಕ್ರ ತಿಂದ ಅದೇ ಚಮಚದಿಂದ, ನಿಂತಲ್ಲೇ ಗಬಗಬ ತಿಂದ. ಎಲುಬು ಚೀಪಿದ. “ಗುಡ್, ಗುಡ್,” ಎಂದು ತೇಗಿ, ಬಾಯಿ ಒರೆಸಿ ಹೊರಟುಹೋದ.

“ನಾನು ಕೊಟ್ಟದ್ದಲ್ಲ,” ತುಕ್ರ ನನ್ನತ್ತ ತಿರುಗಿದ. “ನೀವು ನೋಡಿದ್ರಲ್ಲ ಪೊರ್ಬುಲೇ, ಅವರೇ ತಿಂದದ್ದು.”

“ಬಿಡು ಮಾರಾಯ. ಪರದೇಶದವರ ಎಂಜಲು ತಿಂದೇ ದೊಡ್ಡವನಾದವ, ನಿನ್ನದು ಅವನಿಗೆ ಪಾಯಸ.”

ಸಂಜೆ ಸಾಹೇಬನ ದೇಶದ ಟಿವಿಯಲ್ಲಿ ಸುದ್ದಿ ಬಂತು. ನಾಯಕರ ಊಟಕ್ಕೆ ವಿಷ, ಶತ್ರುಗಳ ಸಂಚು ಬಯಲು, ಕಾವಲು ಕಂಪನಿಯ ಸಾಹಸ, ವಿಷವಿಕ್ಕಿದವನ ಬಂಧನ. ಸೋಫಾದಲ್ಲಿ ಕೂತು ಸಾಹೇಬ ಮತ್ತು ಕರ್ನಲ್ ಅದನ್ನು ನೋಡುತ್ತಿದ್ದರು. ಬಂಧನವಾದವನು ಅವರಿಗೆ ಚಹಾ ತಂದುಕೊಟ್ಟು, ಸಕ್ಕರೆ ಬೇಕೇ ಎಂದು ಕೇಳಿದ. ಪೊಲೀಸಿಗೆ ಅವರು ಹೇಳಲಿಲ್ಲ. ಹೇಗೆ ಹೇಳುತ್ತಾರೆ? ಪರೀಕ್ಷೆ ಮಾಡಿದ್ದರೆ ಸಿಗುತ್ತಿದ್ದದ್ದು ಕೊತ್ತಂಬರಿ, ಬ್ಯಾಡಗಿ ಮೆಣಸು ಮಾತ್ರ.

ಕಾಂಟ್ರಾಕ್ಟ್ ಮುಂದುವರಿಯಿತು, ಕಾರುಗಳು ಹೆಚ್ಚಿದವು, ಖಾಲಿ ಸೊಂಟದವರೂ ಹೆಚ್ಚಿದರು. ವಿಷದಿಂದ ಪಾರಾದ ವೀರ ಎಂದು ಸಾಹೇಬನ ಪಟ ಅವನ ದೇಶದ ಗೋಡೆಗಳ ಮೇಲೆ ಹತ್ತಿತು. ಅಂದಿನಿಂದ ಪ್ರತಿ ಊಟಕ್ಕೆ ಮೊದಲು ತುಕ್ರ ಒಂದು ಚಮಚ ತಿನ್ನಬೇಕಾಯಿತು. ಉಪ್ಪು ಮತ್ತೆಂದೂ ತಪ್ಪಲಿಲ್ಲ. ಈಗ ಚೆನ್ನಾಗಿ ಮಾಡುತ್ತಾನೆ ಎಂದು ಎಲ್ಲರೂ ಹೊಗಳಿದರು. ಹೊಗಳಿದಾಗಲೆಲ್ಲ ಅವನು ಬೆನ್ನು ತಿರುಗಿಸಿ ಪಾತ್ರೆ ಉಜ್ಜುತ್ತಿದ್ದ.

ಬೇಸಗೆಯಲ್ಲಿ ರಜೆಗೆ ಊರಿಗೆ ಹೋದ. ಅವನು ವಾಪಸು ಬಂದ ದಿನವೇ ಅಲ್ಲಿ ಸಾಹೇಬ ಅಧ್ಯಕ್ಷನಾಗಿ ಪ್ರಮಾಣವಚನ ತೆಗೆದುಕೊಳ್ಳುತ್ತಿದ್ದ. ವಿಲ್ಲಾ ಖಾಲಿ ಇತ್ತು, ಏರ್‌ಪೋರ್ಟಿಗೆ ನಾನೇ ಕಾರು ತೆಗೆದುಕೊಂಡು ಹೋದೆ. ಡಿಕ್ಕಿಯಲ್ಲಿ ಕುಚ್ಚಲಕ್ಕಿಯ ಚೀಲ ಇಟ್ಟು ಪಕ್ಕದಲ್ಲಿ ಕೂತ. ಕಾರು ಹೆದ್ದಾರಿಗೆ ಬಂತು. ಕೇಳಬಾರದು ಎಂದುಕೊಂಡಿದ್ದರೂ ಕೇಳಿಬಿಟ್ಟೆ.

“ಅಗೆಲು ಆಯ್ತಾ?”

“ಆಯ್ತು. ಚಿಕ್ಕಮ್ಮನ ಮಗ ರಿತೇಶ ಬೇಯಿಸಿದ.”

“ನೀನು?”

“ನಾನು ಅಂಗಳದ ಹೊರಗೆ ನಿಂತೆ.”

“ಮಾವನಿಗೆ ಯಾರು ಹೇಳಿದ್ದು?”

“ನಾನೇ. ಮಾವ ಕೋಳಿ, ಕತ್ತಿ ಎಲ್ಲ ತಂದು ನನ್ನ ಕೈಯಲ್ಲೇ ಕೊಟ್ರು ಪೊರ್ಬುಲೇ. ನಾನು ವಾಪಸು ಕೊಟ್ಟೆ.”

ನನಗೆ ದುಃಖವೂ ಬಂತು, ಸಿಟ್ಟೂ ಬಂತು. “ನಿಂಗೆ ಎಂತ ಮರ್ಲಾ, ಹುಚ್ಚಾ? ಹೇಳದಿದ್ರೆ ಯಾರಿಗೆ ಗೊತ್ತಾಗ್ತಿತ್ತು ಮಾರಾಯ?”

ತುಕ್ರ ನನ್ನ ಮುಖ ನೋಡಿದ.

“ಮುಚ್ಚಿಟ್ಟು ನಿಲ್ಲಲಿಕ್ಕೆ ನಾನೆಂತ ಸಾಹೇಬನಾ?”