ಬ್ರೇಕ್ ಮೇಷ್ಟ್ರ ಎಡಗಣ್ಣು

ಡ್ರೈವಿಂಗ್ ಶಾಲೆಯ ಮೇಷ್ಟ್ರಿಗೆ ಹೆತ್ತವರು ಇಟ್ಟ ಹೆಸರು ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿತ್ತು. ಜನರ ಬಾಯಲ್ಲಿ ಅವರು ಬ್ರೇಕ್ ಮೇಷ್ಟ್ರು. ಕಲಿಯುವವರ ಪಕ್ಕದಲ್ಲಿ ಕೂತು ತಮ್ಮ ಕಾಲಡಿಯ ಎರಡನೇ ಬ್ರೇಕನ್ನು ತುಳಿದೂ ತುಳಿದೂ ಅವರ ಬಲಗಾಲಿಗೆ ಅದೇ ಚಟವಾಗಿತ್ತು. ಹೆಂಡತಿ ಹಾಲಿನ ಪಾತ್ರೆ ಹಿಡಿದು ಬಾಗಿಲಲ್ಲಿ ಎಡವಿದರೆ ಇವರು ಕುರ್ಚಿಯಲ್ಲಿ ಕೂತಲ್ಲೇ ನೆಲ ಒತ್ತುತ್ತಿದ್ದರು.

ಎಡಗಣ್ಣಿನ ಹಿಂದೆ ನೋವು ಶುರುವಾದಾಗ ಮೇಷ್ಟ್ರು ಅದನ್ನು ಕಲಿಯಲು ಬರುವವರ ತಲೆಗೇ ಕಟ್ಟಿದರು. ದಿನವಿಡೀ ಗೇರು ಕಿರ್ರೆನ್ನಿಸುವವರ ಜೊತೆ ಕೂತರೆ ತಲೆ ನೋಯದೆ ಇನ್ನೇನಾಗುತ್ತದೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಔಷಧಿ ಅಂಗಡಿಗೆ ಹೋಗಿ ಮಾತ್ರೆ ಕೇಳಿದರು. ಅಂಗಡಿಯ ಒಡತಿ ಗಟ್ಟಿಗಿತ್ತಿ, ಮುಖ ನೋಡಿಯೇ ಮಾತ್ರೆ ಕೊಡುವವಳು. ನೋಡಿದರೆ ಮೇಷ್ಟ್ರ ಎಡಗಣ್ಣು ಅರ್ಧ ಮುಚ್ಚಿದೆ, ತುಟಿಯಲ್ಲಿ ಮುಗುಳ್ನಗು ಬೇರೆ. ಮರುದಿನವೂ ಅದೇ ಕಣ್ಣು, ಅದೇ ನಗು. ಅವಳು ಮಾತ್ರೆಯನ್ನು ಮೇಜಿನ ಮೇಲೆ ಕುಕ್ಕಿ, ಅಂಗಡಿಗೆ ಬೀಗ ಜಡಿದು, ಎದುರಿನ ಹೊಲಿಗೆ ಅಂಗಡಿಗೆ ಸರಸರನೆ ನಡೆದಳು. ಅಲ್ಲಿ ಮಿಷನ್ ತುಳಿಯುತ್ತಿದ್ದದ್ದು ಮೇಷ್ಟ್ರ ಹೆಂಡತಿ.

ಇತ್ತ ಮೇಷ್ಟ್ರಿಗೆ ರಸ್ತೆಯಲ್ಲಿ ಎರಡು ಬಸ್ಸು ಕಂಡವು. ಒಂದು ಮುಂದೆ ಸಾಗಿತು, ಇನ್ನೊಂದು ನೇರ ಮೈಮೇಲೆ ಬಂತು. ಇವರು ಬ್ರೇಕ್ ತುಳಿದರು. ಬಸ್ಸು ಒಂದೇ ಇತ್ತಲ್ಲ ಸರ್ ಎಂದು ಕಲಿಯುತ್ತಿದ್ದ ಬ್ಯಾಂಕಿನ ಗುಮಾಸ್ತೆ ಮೆಲ್ಲಗೆ ಕೇಳಿದಳು. ಹಿಂದಿನ ಹಾಲಿನ ವ್ಯಾನಿನವನು ಮೇಷ್ಟ್ರ ವಂಶವನ್ನೆಲ್ಲ ಒಮ್ಮೆ ನೆನೆದುಕೊಂಡು ಮುಂದೆ ಹೋದ.

ಸಂಜೆ ಮನೆಗೆ ಬಂದರೆ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಔಷಧಿ ಅಂಗಡಿಯವಳೂ ತಮಾಷೆ ನೋಡಲು ಬಂದು ಕೂತಿದ್ದಳು.

"ಇವರಿಗೆ ಕಣ್ಣು ಹೊಡೆದ್ರಂತೆ?"

ಮೇಷ್ಟ್ರ ಬಲಗಾಲು ತಾನಾಗಿ ನೆಲ ಒತ್ತಿತು. ಅವರು ಕಟ್ಟಿಕೊಂಡ ಹೆಂಡತಿಗೇ ಒಂದು ದಿನ ಕಣ್ಣು ಹೊಡೆದವರಲ್ಲ. ಆ ವಿಷಯದಲ್ಲಿ ಅವಳಿಗೊಂದು ಹಳೆಯ ತಕರಾರು ಇದ್ದೇ ಇತ್ತು. ಇವರು ಆಣೆ ಪ್ರಮಾಣಕ್ಕೆ ಇಳಿದಾಗ ಅವಳು ರಟ್ಟೆ ಹಿಡಿದು ದೀಪದ ಕೆಳಗೆ ಎಳೆದಳು.

"ನನ್ನ ಮುಖ ನೋಡಿ ಹೇಳಿ."

ಮೇಷ್ಟ್ರು ನೋಡಿದರು. "ಯಾವ ಮುಖ ಕಣೇ? ಎರಡು ಕಾಣ್ತಿದೆಯಲ್ಲ."

ಇಂಥ ಕೊಬ್ಬಿನ ಮಾತಿಗೆ ತಕ್ಕ ಉತ್ತರ ಕೊಡಲು ಬಾಯಿ ತೆರೆದವಳು ಇನ್ನಷ್ಟು ಹತ್ತಿರ ಬಗ್ಗಿ ನೋಡಿದಳು. ಗಂಡ ಎರಡೂ ಹುಬ್ಬು ಹಣೆಗೇರಿಸಿ ಕಣ್ಣರಳಿಸಲು ಒದ್ದಾಡುತ್ತಿದ್ದರು, ಎಡರೆಪ್ಪೆ ಮಾತ್ರ ಜಪ್ಪಯ್ಯ ಎಂದರೂ ಏಳಲಿಲ್ಲ. ಬೆರಳಿನಿಂದ ರೆಪ್ಪೆ ಎತ್ತಿ ನೋಡಿದಳು. ಅಷ್ಟು ಬೆಳಕಿನಲ್ಲೂ ಆ ಕಣ್ಣಿನ ಕಪ್ಪು ಬೊಟ್ಟು ಕೋಟಿನ ಗುಂಡಿಯಷ್ಟು ಅಗಲವಾಗಿತ್ತು, ಇನ್ನೊಂದು ಸಾಸಿವೆ ಕಾಳಿನಷ್ಟಿತ್ತು. ಅವಳ ಸಿಟ್ಟು ಸರ್ರನೆ ಇಳಿಯಿತು.

"ಚಪ್ಪಲಿ ಹಾಕ್ಕೊಳ್ಳಿ. ಆಸ್ಪತ್ರೆಗೆ ಹೋಗೋಣ."

ನಾಳೆ ಪಾಠ ಮುಗಿಸಿ ಹೋದರಾಯಿತು ಎಂದು ಮೇಷ್ಟ್ರು ರಾಗ ಎಳೆದರು. ಅದು ನಡೆಯದಿದ್ದಾಗ, ಹೋಗಲಿ, ಕಾರು ನಾನೇ ಓಡಿಸುತ್ತೇನೆ ಎಂದರು.

"ಎರಡು ರಸ್ತೆ ಕಾಣೋರು ಯಾವುದ್ರಲ್ಲಿ ಓಡಿಸ್ತೀರಿ?"

ಕೊನೆಗೆ ಔಷಧಿ ಅಂಗಡಿಯವಳೇ ತನ್ನ ಕಾರಿನಲ್ಲಿ ಕರೆದೊಯ್ದಳು. ಅವಳು ಕಾರನ್ನೂ ಜಗಳಕ್ಕೆ ಹೊರಟವಳಂತೆಯೇ ಓಡಿಸುತ್ತಿದ್ದಳು. ಮೇಷ್ಟ್ರು ದಾರಿಯುದ್ದಕ್ಕೂ ಇಲ್ಲದ ಬ್ರೇಕು ತುಳಿದರು.

ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದ ಡಾಕ್ಟರಮ್ಮ ಆಮೇಲೆ ಒಂದು ಗಳಿಗೆಯೂ ಕೂರಲಿಲ್ಲ. ಸ್ಕ್ಯಾನ್ ಮಾಡಿಸಿ ಬಂದು, ಮಿದುಳಿನ ಬುಡದ ರಕ್ತನಾಳವೊಂದು ತೆಳುವಾಗಿ ಉಬ್ಬಿದೆ, ರೆಪ್ಪೆ ಎತ್ತುವ ನರವನ್ನು ಒತ್ತುತ್ತಿದೆ ಎಂದರು.

"ಟೈರಿನ ಪಕ್ಕೆ ಉಬ್ಬಿದ ಹಾಗಾ?" ಮೇಷ್ಟ್ರು ಕೇಳಿದರು.

"ಹಾಗೇ ಅನ್ಕೊಳ್ಳಿ. ಪುಣ್ಯಕ್ಕೆ ಒಡೆದಿಲ್ಲ. ಒಡೆದಿದ್ರೆ ಹುಟ್ಟಿದಾಗಿನಿಂದ ಕಾಣದಂಥ ತಲೆನೋವು ಒಂದೇ ಸಲ ಬಂದು ಬಡೀತಿತ್ತು. ವಾಂತಿ ಆಗ್ತಿತ್ತು, ಕುತ್ತಿಗೆ ಬಿಗೀತಿತ್ತು. ಎಷ್ಟೋ ಜನ ಆಸ್ಪತ್ರೆ ತಲುಪೋದೇ ಇಲ್ಲ."

ಉಬ್ಬಿದ ಟೈರಿನಲ್ಲಿ ಬೀದಿಯ ಕೊನೆಯವರೆಗೂ ಹೋಗಬೇಡಿ ಎಂದು ಊರಿಗೆಲ್ಲ ಪಾಠ ಹೇಳಿದ ಮನುಷ್ಯ ಇಷ್ಟು ದಿನ ಅಂಥ ತಲೆ ಹೊತ್ತು ಊರು ಸುತ್ತಿದ್ದರು. ಅವರು ಹೆಂಡತಿಯ ಕೈ ಹಿಡಿದುಕೊಂಡರು. ಹೊರಗಿನ ಬೆಂಚಿನಲ್ಲಿ ಔಷಧಿ ಅಂಗಡಿಯವಳು ಮೂಗು ಒರೆಸಿಕೊಳ್ಳುತ್ತಿದ್ದಳು.

ಮರುದಿನ ಡಾಕ್ಟರುಗಳು ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಮಿದುಳಿನವರೆಗೆ ಸಾಗಿಸಿ, ಉಬ್ಬಿನೊಳಗೆ ರಕ್ತ ನುಗ್ಗದಂತೆ ನೂಲಿನಷ್ಟು ತೆಳು ತಂತಿಯ ಸುರುಳಿ ತುಂಬಿದರು. ಅಷ್ಟು ಇಕ್ಕಟ್ಟಿನ ದಾರಿಯಲ್ಲಿ ಎಲ್ಲೂ ತಾಗಿಸದೆ ಹೋದದ್ದು ಕೇಳಿ ಮೇಷ್ಟ್ರಿಗೆ ಡಾಕ್ಟರುಗಳ ಮೇಲೆ ವೃತ್ತಿಬಾಂಧವರೆಂಬ ಗೌರವ ಹುಟ್ಟಿತು. ರೆಪ್ಪೆ ಮಾತ್ರ ತಿಂಗಳುಗಟ್ಟಲೆ ಸತಾಯಿಸಿ, ತುಕ್ಕು ಹಿಡಿದ ಶಟರಿನಂತೆ ಇಷ್ಟಿಷ್ಟೇ ಮೇಲೆದ್ದಿತು.

ಡಾಕ್ಟರು ಒಪ್ಪಿದ ಮೇಲೆ ಮೇಷ್ಟ್ರು ಮತ್ತೆ ಪಾಠಕ್ಕಿಳಿದರು. ಮೊದಲ ದಿನ ಬಂದ ಹೊಸ ಹುಡುಗಿಗೆ ಕ್ಲಚ್ಚು, ಗೇರು ತೋರಿಸಿದ ಮೇಲೆ ಹೇಳಿದರು: ಒಂದು ರೆಪ್ಪೆ ಜೋತುಬಿದ್ದರೆ, ಒಂದು ವಸ್ತು ಎರಡಾಗಿ ಕಂಡರೆ, ಸಿಡಿಲು ಬಡಿದಂತೆ ತಲೆ ನೋವು ಬಂದರೆ ಗಾಡಿ ಬದಿಗೆ ನಿಲ್ಲಿಸಬೇಕು, ಬೇರೆಯವರನ್ನು ಕರೆದು ಆಗಿಂದಾಗಲೇ ಆಸ್ಪತ್ರೆಗೆ ಹೋಗಬೇಕು.

ಹುಡುಗಿ ಸ್ಟೇರಿಂಗ್ ಬಿಗಿಯಾಗಿ ಹಿಡಿದು ಕೇಳಿದಳು. "ಇದು ಲೈಸೆನ್ಸ್ ಪರೀಕ್ಷೆಲಿ ಬರುತ್ತಾ ಸರ್?"

"ಅದು ಹೇಳಿ ಬರಲ್ಲ ಕಣಮ್ಮ. ತಿಳ್ಕೊಂಡಿರು," ಎಂದು ಮೇಷ್ಟ್ರು ಸೀಟ್ ಬೆಲ್ಟ್ ಹಾಕಿಕೊಂಡು, ಕಾರು ಚಾಲೂ ಮಾಡಲು ಹೇಳಿದರು.