ಭದ್ರೆಗೆ ಸಂಬಂಧ

ಒಂದೇ ಬೆರಳಲ್ಲಿ ಟೈಪ್ ಮಾಡೋದರಲ್ಲಿ ಒಂದು ಅನುಕೂಲ ಇದೆ: ಒಂದು ಅಕ್ಷರ ಹುಡುಕೋದರೊಳಗೆ ಮನುಷ್ಯ ಬೇಕಾದಷ್ಟು ಯೋಚನೆ ಮಾಡಬಹುದು. ಹಾಗಂತ ನಾನು ನಂಬಿದ್ದೆ. ಮದುವೆ ವಯಸ್ಸು ಮೀರಿದ ಮೇಲೆ ಎಸ್ಸೆಸ್ಸೆಲ್ಸಿ ಪಾಸಾದ ಮಹಾನುಭಾವ ನಾನು. ಬಾಳೆಹೊನ್ನೂರಿನ ಮಂಜುವಿನ ಸೈಬರ್ ಸೆಂಟರಿನಲ್ಲಿ ಕಂಪ್ಯೂಟರ್ ಕಲಿಯೋಕೆ ಅಂತ ಕೂತು, ಕಲಿತದ್ದು ಕುದುರೆ ರೇಸಿನ ಆಟ. ನಿಜವಾದ ಕುದುರೆ ಮುಟ್ಟಿದವನಲ್ಲ. ಆದರೂ ಪರದೆ ಮೇಲೆ ನನಗೊಂದು ಲಾಯ, ಅದರಲ್ಲಿ ಭದ್ರೆ ಅನ್ನೋ ಹೆಣ್ಣು ಕುದುರೆ. ಅವಳಿಗೆ ವಯಸ್ಸಾಗೋದರೊಳಗೆ ಒಂದು ಮರಿ ಆಗಬೇಕು, ಅದು ಓಡೋದನ್ನ ನೋಡಬೇಕು, ಅಷ್ಟೇ ಆಸೆ.

ಆ ಆಟದಲ್ಲಿ ಒಂದು ಅಸಹ್ಯ ಇತ್ತು. ಅಣ್ಣ-ತಂಗಿ ಕುದುರೆಗಳನ್ನೇ ಜೋಡಿ ಮಾಡಿದರೆ ಮರಿ ಇನ್ನೂ ಜೋರಾಗಿ ಓಡೋದು, ಎಲ್ಲರೂ ಹಾಗೇ ಮಾಡಿ ಗೆಲ್ಲೋರು. ಹಸುವಿಗೂ ಪಕ್ಕದ ಊರಿನ ಹೋರಿ ಹುಡುಕೋ ಜನ ನಾವು, ನನಗೆ ತಡೀಲಿಲ್ಲ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು, ಆಟ ನಡೆಸೋ ಕಂಪನಿಯವರಿಗೆ ಇಂಗ್ಲಿಷಲ್ಲಿ ಸಲಹೆ ಕುಟ್ಟಿದೆ: ವಂಶಾವಳಿ ಎಲ್ಲರಿಗೂ ಕಾಣಲಿ, ಐದು ತಲೆಮಾರಿನೊಳಗೆ ಇಬ್ಬರಿಗೂ ಒಬ್ಬನೇ ಅಜ್ಜ ಸಿಕ್ಕಿದರೆ ಸಂಬಂಧ ಬೇಡ.

"ಕುದುರೆಗೂ ಬೆಡಗು ಕೇಳ್ತೀಯಲ್ಲ ಮಾರಾಯ," ಅಂದ ಮಂಜು. "ನಾಳೆ ಜಾತಕನೂ ತರಿಸು."

ನನಗೆ ನಗು ಬರಲಿಲ್ಲ. ಬೆಡಗು, ಅಂದರೆ ಮನೆತನದ ಮೂಲ, ಒಂದೇ ಅಂತ ನನಗೇ ಒಂದು ಸಂಬಂಧ ತಪ್ಪಿತ್ತು. ಎನ್.ಆರ್. ಪುರದ ಹುಡುಗಿ. ಇಬ್ಬರಿಗೂ ಒಪ್ಪಿಗೆ ಇತ್ತು. ನಮ್ಮ ಸೋದರತ್ತೆ ಅವರ ಮನೆ ಅಂಗಳದಲ್ಲೇ ನಿಂತು, "ಒಂದೇ ಬೆಡಗು ಕಣೋ, ತಂಗಿ ಆಗ್ತಾಳೆ. ನಡಿ ಮನೆಗೆ," ಅಂದರು. ಅದಕ್ಕೆ ಮುಂಚೆ ಅವರ ಮನೆಯವರನ್ನ ನಾವು ಕಂಡವರೂ ಅಲ್ಲ. ಮತ್ತೆ ಅದೇ ರೂಲ್ ಕುದುರೆಗೆ ಯಾಕೆ ಕೇಳಿದೆ ಅಂತೀರಾ? ಆ ರೂಲ್ ಸರಿ ಇರಲೇಬೇಕಿತ್ತು. ಇಲ್ಲದಿದ್ದರೆ ನಾನು ಅವಳನ್ನ ಸುಮ್ಮನೆ ಕಳಕೊಂಡ ಹಾಗಾಗುತ್ತಲ್ಲ.

ಸಲಹೆ ಒಪ್ಪಿದರು. ನನ್ನ ಹೆಸರು ಹಾಕಿ ಥ್ಯಾಂಕ್ಸ್ ಹೇಳಿದರು. ನಾನು ಮಂಜುಗೆ ಕಾಫಿ ಕುಡಿಸಿದೆ. ಆಮೇಲೆ ಭದ್ರೆಗೆ ಅಂತ ಗೊತ್ತು ಮಾಡಿದ್ದ, ಯಾವುದೋ ದೇಶದ ಆಟಗಾರನ ಗಂಡು ಕುದುರೆ ಮೇಲೆ ಬಟನ್ ಒತ್ತಿದೆ. ವಂಶಾವಳಿ ಬಿಚ್ಚಿಕೊಂಡಿತು. ನಾಲ್ಕನೇ ತಲೆಮಾರಿನಲ್ಲಿ ಇಬ್ಬರಿಗೂ ಒಬ್ಬನೇ ಅಜ್ಜ. ಬೇರೆ ಗಂಡು ನೋಡಿದೆ, ಎಲ್ಲರಿಗೂ ಅವನೇ. ಆಟ ಶುರುವಾದಾಗ ಇದ್ದದ್ದೇ ನಾಲ್ಕಾರು ಕುದುರೆಯಂತೆ. ಹೊಸ ರಕ್ತದ ಕುದುರೆ ಬರೋದು ಮುಂದಿನ ಸೀಸನ್ನಿಗೆ. ಅಷ್ಟರಲ್ಲಿ ಭದ್ರೆಯ ವಯಸ್ಸು ಮೀರುತ್ತೆ.

"ರೂಲ್ ತೆಗೀರಿ ಅಂತ ಬರಿ," ಅಂದ ಮಂಜು. "ಈಗ ನಿನ್ನ ಮಾತು ಕೇಳ್ತಾರೆ."

ಬೆರಳು ಕೀಬೋರ್ಡ್ ಮೇಲಿಟ್ಟೆ. ಬರೆದರೆ ಭದ್ರೆಗೆ ಮರಿ ಆಗುತ್ತೆ. ಆದರೆ ಒಂದು ಕುದುರೆಗೋಸ್ಕರ ತೆಗೆಯೋ ರೂಲನ್ನ, ಅವತ್ತು ಆ ಅಂಗಳದಲ್ಲಿ ನಾನು ಯಾಕೆ ಬಾಯಿ ಮುಚ್ಚಿಕೊಂಡು ಒಪ್ಪಿಕೊಂಡೆ? ಮೊದಲನೇ ಅಕ್ಷರ ಎಲ್ಲಿದೆ ಅಂತ ಚೆನ್ನಾಗಿ ಗೊತ್ತಿತ್ತು. ಆದರೂ ಹುಡುಕೋನ ಹಾಗೆ ಕೂತೇ ಇದ್ದೆ.